ಸೋರಲೇಬೇಕಾದ ಪಂಪು

ಸುಟ್ಟ ವಾಸನೆ ಬಂದಾಗ ಜಯಶ್ರೀ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ರೊಟ್ಟಿಯೇ ಸೀದಿತೇನೋ ಎಂದು ತಿರುವಿ ಹಾಕಿದಳು. ಅದು ಸರಿಯಾಗಿಯೇ ಇತ್ತು. ಮೇಲಿನ ಕಪ್ಪು ಟಾಕಿಗೆ ನೀರು ಬೀಳುವ ಸದ್ದು ನಿಂತುಹೋಗಿತ್ತು. ಕೆಳಗೆ ಬಾವಿಯ ಹತ್ತಿರ ಮೋಟರು ಸುಮ್ಮನೆ ನರಳುತ್ತಿತ್ತು.

"ಅಶ್ವಿನಿ, ಬಟನ್ ಆರಸವಾ! ಲಗೂನ!"

ಜಡೆ ಹಾಕಿಕೊಳ್ಳುತ್ತಿದ್ದ ಮಗಳು ಅರ್ಧ ಜಡೆಯಲ್ಲೇ ಎದ್ದು ಓಡಿದಳು. ಸದ್ದು ನಿಂತಿತು.

"ಮತ್ತ ಹೋತೇನ?" ಎಂದಳು ಅತ್ತೆ ಯಲ್ಲವ್ವ. ಹೊಸ್ತಿಲ ಹತ್ತಿರ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. "ಹ್ವಾದ ಅಮಾಸಿ ಮುಂದ ಹೋಗಿತ್ತು. ಈಗ ಮತ್ತ. ಯಾರ ಕಣ್ಣ ಬಿದ್ದಾವೋ ಅದರ ಮ್ಯಾಲ."

"ಕಣ್ಣಲ್ಲರಿ ಅತ್ತಿ, ಏನೋ ಸವದಿರಬೇಕು."

"ಸವದದ್ದಂದ್ರ ನಾನೂ ಸವದೇನಿ. ನಾ ಏನ ಹಿಂಗ ಮಾತಮಾತಿಗೆ ನಿಂತಬಿಡ್ತೇನೇನ?"

ಅಶ್ವಿನಿ ನಕ್ಕಳು. ಜಯಶ್ರೀಗೆ ನಗು ಬರಲಿಲ್ಲ. ಒಲೆ ಆರಿಸಿ, ಕೊಡ ಮತ್ತು ಹಗ್ಗ ತೆಗೆದುಕೊಂಡು ಮೆಟ್ಟಿಲು ಇಳಿದಳು.

ಗೋವಾದ ಝುವಾರಿನಗರದ ಆ ಇಳಿಜಾರಿನಲ್ಲಿ ಬೇಸಿಗೆಯ ನಳವನ್ನು ಯಾರೂ ನಂಬುವುದಿಲ್ಲ. ಅವರ ಮನೆಗೆ ಆಧಾರವೆಂದರೆ ಕೆಳಗಿನ ಬಾವಿ, ಮತ್ತು ಅದರ ಕಟ್ಟೆಯ ಮೇಲೆ ಕೂತಿದ್ದ ಹಳೆಯ ಪಂಪು. ಗಂಡ ಹುಲಿಗೆಪ್ಪ ಕಟ್ಟಡ ಕಟ್ಟುವ ಕಂಪನಿಯಲ್ಲಿ ಪಂಪ್ ಆಪರೇಟರ್. ಪಾಯದ ತಗ್ಗಿನಲ್ಲಿ ತುಂಬುವ ನೀರನ್ನು ಎತ್ತಿ ಹೊರಗೆ ಹಾಕುವುದು ಅವನ ಕೆಲಸ. ಸೈಟಿನ ಮೂಲೆಯಲ್ಲಿ ಬಿದ್ದಿದ್ದ ಈ ಪಂಪನ್ನು ಸಾಹೇಬರನ್ನು ಕೇಳಿ ತಂದು, ತಾನೇ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ ಕೂರಿಸಿದ್ದ. ಪಕ್ಕದ ಹಸೀನಾಳ ಮನೆಗೂ ಒಂದು ಪೈಪು ಎಳೆದುಕೊಟ್ಟಿದ್ದ. ಆದರೆ ಅವನು ನಸುಕಿನಲ್ಲೇ ಕಂಪನಿ ಗಾಡಿ ಹತ್ತಿ ಪರ್ವರಿಯ ಸೈಟಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಯಲ್ಲವ್ವ ಬಟ್ಟೆ ಒಗೆಯಲು ಬಾವಿಯ ಕಟ್ಟೆಗೆ ಇಳಿಯುತ್ತಾಳೆ, ಕೊಡ ಹೊರಲಾರಳು. ಅಶ್ವಿನಿಗೆ ಕ್ಲಾಸು. ಪಂಪು ಕೆಟ್ಟ ದಿನ ಇಡೀ ಮನೆಯ ನೀರು ಜಯಶ್ರೀಯ ಸೊಂಟದ ಮೇಲೆ ಬರಬೇಕು.

ಬಾವಿಯ ಕಟ್ಟೆಯ ಮೇಲೆ ಹಸೀನಾ ಆಗಲೇ ನಿಂತಿದ್ದಳು. "ಜಯಕ್ಕಾ, ನಳ ತಿರುವಿದೆ, ಬರೇ ಗಾಳಿ ಬಂತು. ಇಡೀ ಪರ್ವರಿಗೆ ನೀರೆತ್ತತಾರ ನಿಮ್ಮ ಯಜಮಾನ್ರು, ಮನಿ ಪಂಪು ನೋಡಿದ್ರ ಹಿಂಗ!"

"ಸಂಜೀಗೆ ಅವರ ಮುಂದ ಹೇಳು."

"ನಾ ಯಾಕ ಹೇಳ್ಲಿ? ನೀರ ಬಂದ್ ಮಾಡಿದ್ರ?"

ಇಬ್ಬರೂ ಸೇದಿದರು. ದೊಡ್ಡ ಹಂಡೆ, ಬಚ್ಚಲಿನ ಬ್ಯಾರಲ್ಲು, ಕುಡಿಯುವ ಕೊಡಗಳು ತುಂಬುವ ಹೊತ್ತಿಗೆ ದಾಬೋಲಿಮ್‌ಗೆ ಹೋಗುವ, ಜಯಶ್ರೀ ಹಿಡಿಯಬೇಕಿದ್ದ ಬಸ್ಸು ಮೇಲಿನ ರಸ್ತೆಯಲ್ಲಿ ಹಾರ್ನ್ ಹೊಡೆದುಕೊಂಡು ಹೋಯಿತು.

*

ಜಯಶ್ರೀ ಕೆಲಸ ಮಾಡುತ್ತಿದ್ದದ್ದು ದಾಬೋಲಿಮ್ ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನ ಲಾಂಡ್ರಿಯಲ್ಲಿ. ಒಗೆದು ಬಂದ ಚಾದರುಗಳನ್ನು ಇಬ್ಬರು ಹೆಂಗಸರು ಎರಡು ಕಡೆ ಹಿಡಿದು ಬಿಸಿ ರೋಲರಿನೊಳಗೆ ಬಿಡಬೇಕು. ಒಬ್ಬಳು ತಡವಾದರೆ ಇನ್ನೊಬ್ಬಳು ಸುಮ್ಮನೆ ನಿಲ್ಲಬೇಕು. ಮಳೆಗಾಲ ಶುರುವಾಗುವ ಮುಂಚೆ ಲಾಂಡ್ರಿಯಿಂದ ಇಬ್ಬರನ್ನು ಕಾಯಂ ಮಾಡುತ್ತಾರೆಂಬ ಮಾತಿತ್ತು. ಜಯಶ್ರೀಯ ಹೆಸರನ್ನು ಸೂಪರ್ವೈಸರ್ ಮೀನಾಕ್ಷಿಯೇ ಮೇಲಕ್ಕೆ ಕಳಿಸಿದ್ದಳು.

ಅವತ್ತು ಮೀನಾಕ್ಷಿ ಬಾಗಿಲಲ್ಲೇ ನಿಂತಿದ್ದಳು. ಕಾರವಾರದವಳು, ಜೋರು ದನಿ. ಆದರೆ ಬೈಯುವಾಗ ಮಾತ್ರ ದನಿ ತಗ್ಗಿಸುತ್ತಿದ್ದಳು, ಅದಕ್ಕೇ ಎಲ್ಲರಿಗೂ ಹೆದರಿಕೆ.

"ಇವತ್ತು ಏನು ಕಾರಣ? ಪಂಪಾ?"

"ಹೌದ್ರಿ ಮ್ಯಾಡಮ್."

"ನಿಮ್ಮ ಪಂಪಿಗೂ ನಮ್ಮ ಹೋಟೆಲಿಗೂ ಏನು ಸಂಬಂಧ ಅಂತ ಮ್ಯಾನೇಜರ್ ಕೇಳ್ತಾರೆ. ನಾನು ಏನು ಹೇಳಲಿ? ನಿನ್ನ ಹೆಸರು ಕಳಿಸಿದವಳು ನಾನು. ಇನ್ನೊಂದು ಸಲ ಹೀಗಾದರೆ ನಾನೇ ಹೆಸರು ತೆಗೀತೇನೆ. ಬೇಜಾರು ಮಾಡ್ಕೋಬೇಡ."

ಜಯಶ್ರೀ ನೀಲಿ ಅಂಗಿ ತೊಟ್ಟು ಚಾದರಿನ ಅಂಚು ಹಿಡಿದಳು. ಊರಿಂದ ಗೋವಾಕ್ಕೆ ಬಂದಾಗಿನಿಂದ ಅವಳು ಅಶ್ವಿನಿಯ ಅವ್ವ, ಹುಲಿಗೆಪ್ಪನ ಹೇಣ್ತಿ, ಯಲ್ಲವ್ವನ ಸೊಸಿ. ಈ ಬಿಸಿ ಕೋಣೆಯಲ್ಲಿ ಮಾತ್ರ ಎಲ್ಲರೂ ಜಯಶ್ರೀ ಎನ್ನುತ್ತಿದ್ದರು. ಬೈಯುವಾಗಲೂ.

*

ಸಂಜೆ ಹುಲಿಗೆಪ್ಪ ಪಂಪು ಬಿಚ್ಚಿದ. ಪಂಪನ್ನು ತಿರುಗಿಸುವ ದಂಡ, ಶಾಫ್ಟು, ಹೊರಗೆ ಬರುವ ಕಡೆ ಒಂದು ಬಳೆಯಂಥ ಕಬ್ಬಿಣ. ಅದನ್ನು ಎರಡು ನಟ್ಟುಗಳಿಂದ ಬಿಗಿದಿರುತ್ತಾರೆ. ಅದರ ಹಿಂದೆ ನೀರು ತಡೆಯಲು ಗ್ರೀಸು ಹಚ್ಚಿದ ದೋರಿಯ, ಅಂದರೆ ಹುರಿಯ, ತುಂಡುಗಳು. ಕೊಕ್ಕೆ ಹಾಕಿ ಅವನು ಒಂದೊಂದೇ ಎಳೆದು ತೆಗೆದ. ಎಲ್ಲ ಇದ್ದಿಲಿನ ಹಾಗೆ ಕರ್ರಗಾಗಿದ್ದವು.

"ನೋಡ ಇಲ್ಲೆ. ಹಾಕಿ ತಿಂಗಳ ಸೈತ ಆಗಿಲ್ಲ. ಸುಟ್ಟ ಬೂದಿ ಮಾಡೀದಿ."

"ನಾನಾ?" ಬ್ಯಾಟರಿ ಹಿಡಿದಿದ್ದ ಜಯಶ್ರೀ ಕೇಳಿದಳು.

"ಮತ್ತ ಯಾರು, ನಾನಾ? ನಾ ಅಂತೂ ನಸುಕಿನ್ಯಾಗ ಹೋಗತೇನಿ. ಈ ದೋರಿ ಒಣಗಬಾರದು. ಪಂಪ್ ತಿರಗೂಮುಂದ ಇಲ್ಲಿಂದ ಒಂದೊಂದ ಹನಿ ಹೊರಗ ಬೀಳ್ತಿರಬೇಕು. ಆ ಹನಿನ ಅದಕ್ಕ ಎಣ್ಣಿ ಇದ್ದಂಗ. ಪಂಪಿನ್ಯಾಗ ನೀರ ತುಂಬದ ಗಡಬಡಿಸಿ ಬಟನ್ ಒತ್ತಿದ್ರ ಇದ ಆಗೂದು."

"ನಾ ದಿನಾ ಚರಗಿ ತುಂಬ ನೀರ ಹಾಕೇನ ಬಟನ್ ಒತ್ತತೇನಿ."

"ಕೈ ಇಲ್ಲಿ, ಮನಸ ಬಸ್ಸಿನ್ಯಾಗ. ಹಾಕೀನಿ ಅಂತ ನಿನಗ ಅನಸಿರತೈತಿ."

ಯಲ್ಲವ್ವ ಒಗೆಯುವ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದಳು. "ನೀರ ಬೀಳಬೇಕಂತಿ? ಸೋರೂ ಕೊಡಾ ಚಲೋ ಕೊಡಾ ಅಂದಂಗಾತು."

"ಯವ್ವಾ, ಇದು ಕೊಡಾ ಅಲ್ಲ."

"ಹೂಂನಪ್ಪಾ. ನೀ ಕಲತಾಂವ."

ಊಟಕ್ಕೆ ಕೂತಾಗ ಹುಲಿಗೆಪ್ಪ ತೀರ್ಮಾನ ಹೇಳಿದ. "ನಾಳಿಂದ ಪಂಪಿನ ಬಟನ್ ಅವ್ವ ನೋಡ್ಕೋತಾಳ. ನೀ ಅದರ ಸನೇಕ ಹೋಗಬ್ಯಾಡ."

ಜಯಶ್ರೀ ಅವನ ತಾಟಿಗೆ ಶೇಂಗಾ ಚಟ್ನಿ ಹಾಕುತ್ತಿದ್ದಳು. ಚಮಚ ತುಸು ಜೋರಾಗಿಯೇ ತಾಟಿಗೆ ಬಡಿಯಿತು. "ಬ್ಯಾಡ ಅಂದ್ರ ಬ್ಯಾಡ ಬಿಡ್ರಿ. ನನಗೂ ಒಂದ ಕೆಲಸ ಕಡಿಮಿ."

"ಇದಕ್ಕ ಸಿಟ್ಟ್ಯಾಕ?"

"ಸಿಟ್ಟೆಲ್ಲೈತ್ರಿ? ಬ್ಯಾಳಿ ಹಾಕ್ಲೇನ?"

ಯಲ್ಲವ್ವನಿಗೆ ಖುಷಿಯಾದದ್ದು ಯಾರಿಗೂ ಮರೆಯಾಗಲಿಲ್ಲ. ಮರುದಿನ ಪಂಪಿಗೆ ಕುಂಕುಮ ಹಚ್ಚಿ, ಒಂದು ದಾಸವಾಳ ಇಟ್ಟು, ಚರಿಗೆಯಿಂದ ನೀರು ತುಂಬಿ ಬಟನ್ ಒತ್ತಿದಳು. "ಆಯಿ ಆಪರೇಟರ್ ಆದ್ಲು!" ಎಂದು ಅಶ್ವಿನಿ ಚಪ್ಪಾಳೆ ತಟ್ಟಿದಳು. ಹೋದ ವರ್ಷ ಗ್ಯಾಸು ಆರಿಸಲು ಮರೆತಳೆಂದು ಹುಲಿಗೆಪ್ಪ ಅವ್ವನನ್ನು ಇಳಕಲ್ಲಿಗೆ, ಅವಳ ಮಗಳ ಮನೆಗೆ ಬಿಟ್ಟುಬಂದಿದ್ದ. ದೀಪಾವಳಿಗೆ ಮರಳಿ ಬಂದಾಗ ಅವಳು ಕೇಳದೆ ಒಂದು ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ. ಈಗ ಮನೆಯ ನೀರೇ ಅವಳ ಕೈಗೆ ಬಂದಿತ್ತು.

ಕೆಲವು ದಿನ ಎಲ್ಲ ಸರಿಯಾಗಿ ನಡೆಯಿತು. ಜಯಶ್ರೀ ಬಸ್ಸಿಗೆ ಮುಂಚೆಯೇ ಹೋಗಿ ನಿಲ್ಲುತ್ತಿದ್ದಳು. ಒಂದು ಸಂಜೆ ಮೀನಾಕ್ಷಿ ಅವಳ ಭುಜ ತಟ್ಟಿ, "ಹೀಗೇ ಇರು, ನಿನ್ನ ಹೆಸರು ಇನ್ನೂ ಇದೆ" ಎಂದಿದ್ದಳು. ಅದನ್ನು ಮನೆಯಲ್ಲಿ ಹೇಳಬೇಕೆಂದು ಬಂದರೆ ಬಾಗಿಲಲ್ಲೇ ಸುಟ್ಟ ವಾಸನೆ.

ಹುಲಿಗೆಪ್ಪ ಆಗಲೇ ಬಾವಿಯ ಹತ್ತಿರ ಕೂತಿದ್ದ. ಈ ಸಲ ದೋರಿಯಷ್ಟೇ ಅಲ್ಲ, ಶಾಫ್ಟಿಗೆ ಕೊಳವೆಯಂತೆ ತೊಡಿಸಿದ ಹಿತ್ತಾಳೆಯ ಸ್ಲೀವೂ ಗೀರು ಗೀರಾಗಿ ಸವೆದಿತ್ತು. ಅವನು ಅದರ ಮೇಲೆ ಉಗುರು ಆಡಿಸಿ ತೋರಿಸಿದ. "ಇದನ್ನೂ ಬದಲಿ ಮಾಡಬೇಕು. ವಾಸ್ಕೊದಾಗ ಸಿಗತೈತೋ ಇಲ್ಲೋ. ಯವ್ವಾ, ನೀರ ತುಂಬಿದ್ದಿಲ್ಲೇನ?"

ಯಲ್ಲವ್ವ ಸೆರಗು ಸರಿಮಾಡಿಕೊಂಡಳು. "ತುಂಬೀನಪ್ಪಾ."

"ಮತ್ತ ಹ್ಯಾಂಗ ಸುಟ್ಟಿತು?"

ಅವಳು ಖಾಲಿ ಚರಿಗೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟಳು. ಆಮೇಲೆ, "ಬೆಳಿಗ್ಗೆ ನಾ ಬಚ್ಚಲಕ್ಕ ಹೋದಾಗ ಆಕಿ ಚಾಲೂ ಮಾಡಿರಬೇಕು. ಗಡಬಡಿ ಇತ್ತಲ್ಲ" ಎಂದಳು. ಅವಳ ಕಣ್ಣು ಬಾವಿಯ ಗಾಲಿಯ ಮೇಲಿತ್ತು.

ಜಯಶ್ರೀಯ ಕೈಯಲ್ಲಿ ಇನ್ನೂ ಚೀಲವಿತ್ತು. "ಅತ್ತಿ! ನಾ ಮುಟ್ಟಿಲ್ಲ."

"ಮುಟ್ಟೀ ಅಂತ ನಾ ಎಲ್ಲಿ ಅಂದ್ನಿ? ಮುಟ್ಟಿರಬೇಕು ಅಂದ್ನಿ."

"ಸನೇಕ ಹೋಗಬ್ಯಾಡ ಅಂದಿದ್ನೋ ಇಲ್ಲೋ?" ಹುಲಿಗೆಪ್ಪನ ದನಿ ಏರಿತು.

"ದೇವರಾಣಿ ಮುಟ್ಟಿಲ್ಲರಿ."

"ದೇವರನ್ಯಾಕ ನಡುವ ತರ್ತಿ? ಸೈಟಿನ್ಯಾಗ ನನ್ನ ಕೈಯಾಗ ಇಷ್ಟ ಪಂಪ ಅದಾವ, ಒಂದೂ ಹಿಂಗ ಹೋಗಿಲ್ಲ. ಮನ್ಯಾಂದು ಹೋಗತೈತಿ. ಮಂದಿ ನಗತಾರ ನನಗ!"

ಆ ರಾತ್ರಿ ರೊಟ್ಟಿ ಆಗಲಿಲ್ಲ. ಅಂಗಡಿಯಿಂದ ಪಾವು ತಂದು ಚಹಾದಲ್ಲಿ ಅದ್ದಿ ತಿಂದರು. ಜಯಶ್ರೀ ತಿನ್ನಲಿಲ್ಲ. ಅತ್ತೆ ಎರಡು ಸಲ ಪಾವನ್ನು ಅವಳ ಕಡೆ ಸರಿಸಿದಳು.

*

ಅವನು ಇದ್ದ ಸ್ಲೀವನ್ನೇ ಉಜ್ಜಿ ನುಣುಪು ಮಾಡಿ, ಹೊಸ ದೋರಿ ಹಾಕಿ ಪಂಪನ್ನು ಹೇಗೋ ನಡೆಸಿದ. ಎರಡು ದಿನದ ಮೇಲೆ ಜಯಶ್ರೀ ಬಸ್ಸಿಗೆ ಹೊರಟು, ಊಟದ ಡಬ್ಬಿ ಮರೆತು, ಅರ್ಧ ದಾರಿಯಿಂದ ತಿರುಗಿ ಬಂದಳು. ಬಾವಿಯ ಹತ್ತಿರ ಯಲ್ಲವ್ವ ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಜಂಗು ಹಿಡಿದ ಹಳೆಯ ಪಾನಾ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ನಟ್ಟು ತಿರುವುತ್ತಿದ್ದಳು.

"ಅತ್ತಿ, ಏನ ಮಾಡಾಕತ್ತೀರಿ?"

ಪಾನಾ ಕಟ್ಟೆಯ ಮೇಲೆ ಬಿತ್ತು. ಯಲ್ಲವ್ವ ಕೂತಲ್ಲೇ ಹಿಂದೆ ಸರಿದಳು. "ಸೋರಾಕತ್ತಿತ್ತು. ಬಿಗಿ ಮಾಡಾಕತ್ತಿದ್ನಿ."

"ದಿನಾ ಮಾಡ್ತೀರೇನ?"

"ಸೋರಿದ ದಿನಾ."

"ದಿನಾ ಸೋರತೈತಿ, ಅತ್ತಿ! ಸೋರಬೇಕದು! ಬಿಗಿ ಮಾಡಿದ್ರ ದೋರಿ ಒಣಗಿ ಸುಡತೈತಿ! ನಿಮ್ಮ ಮಗಾ ನಿಮ್ಮ ಮುಂದ ಹೇಳಿಲ್ಲ?"

"ಹೇಳಿದ. ನಂಬಿಕಿ ಬರಲಿಲ್ಲ." ಯಲ್ಲವ್ವನ ದನಿ ಸಣ್ಣದಾಯಿತು. "ಅಂವ ಸರಿ ಕೂಡಸಿಲ್ಲ, ಅದಕ್ಕ ಹಂಗ ಹೇಳತಾನ ಅಂದ್ಕೊಂಡ್ನಿ. ಇಲ್ಲಿ ಬಟ್ಟಿ ಒಗ್ಯಾಕ ಬರೂ ಹೆಂಗಸರು ಏನಂತಾರ ಗೊತ್ತೇನ? 'ಆಪರೇಟರ್ ಮನಿ ಪಂಪು ಮೂಗ ಸೋರಸ್ಕೊಂತ ಕುಂತೈತಿ' ಅಂತ ಬಿದ್ದು ಬಿದ್ದು ನಗತಾರ. ಯಾರ ಹೆಸರ ಹೋಗೂದು? ನನ್ನ ಮಗಂದು. ಅಂವ ಗಾಡಿ ಹತ್ತಿದ ಮ್ಯಾಲ ಒಂಚೂರು ಬಿಗಿ ಮಾಡಿ ಬಿಡತಿದ್ನಿ. ಮತ್ತ ನಮ್ಮೂರಾಗ ನೀರ ಹ್ಯಾಂಗ ತರತಿದ್ವಿ ನಿನಗೇನ ಗೊತ್ತು? ಹನಿ ಬೀಳೂ ಸಪ್ಪಳ ಕೇಳಿದ್ರ ನನಗ ಅನ್ನ ಇಳ್ಯಂಗಿಲ್ಲ."

"ಮತ್ತ ನಾ ಮುಟ್ಟೀನಿ ಅಂತ ಯಾಕ ಹೇಳಿದ್ರಿ?"

ಯಲ್ಲವ್ವ ಕುಂಕುಮ ಮೆತ್ತಿದ್ದ ಪಂಪಿನ ಮೈಯನ್ನು ಸೆರಗಿನಿಂದ ಒರೆಸತೊಡಗಿದಳು.

"ಅತ್ತಿ, ನನ್ನ ಕೆಲಸಾ ಹೋಗತೈತಿ. ಇನ್ನೊಮ್ಮೆ ತಡಾ ಆದ್ರ ಹೆಸರ ತಗೀತಾರ."

"ಅಂವಗ ಹೇಳಬ್ಯಾಡ ಜಯಾ. ಇಳಕಲ್ಲಿಗೆ ಕಳಸತಾನ. ಅಲ್ಲೆ ಮಗಳ ಮನ್ಯಾಗ, ಅಳಿಯನ ಮುಂದ, ಒಂದ ಕಪ್ ಚಹಾ ಕೇಳಾಕ ನನಗ ಬಾಯಿ ಬರಂಗಿಲ್ಲ. ಇನ್ನ ಮುಟ್ಟಂಗಿಲ್ಲ ನಾ, ನಿನ್ನಾಣಿ."

ಮೇಲೆ ಹಾರ್ನು ಕೇಳಿಸಿತು. ಜಯಶ್ರೀ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡಬ್ಬಿ ತರಲೂ ಹೋಗದೆ ಓಡಿದಳು.

*

ಯಲ್ಲವ್ವ ಮಾತು ಉಳಿಸಿಕೊಂಡಳು. ಆದರೆ ಗೀರು ಬಿದ್ದ ಸ್ಲೀವು ಹೊಸ ದೋರಿಯನ್ನು ತಿಂದುಹಾಕಿತು. ನೀರು ಹನಿಯಾಗಿ ಅಲ್ಲ, ಧಾರೆಯಾಗಿ ಬರತೊಡಗಿತು, ಟಾಕಿಗೆ ಏರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಗುರುವಾರ ಸಂಜೆ ಪಂಪು ಪೂರ್ತಿ ಕೈಬಿಟ್ಟಿತು. ಶುಕ್ರವಾರ ಜಯಶ್ರೀ ಇನ್ನೂ ಕತ್ತಲಿರುವಾಗಲೇ ಎದ್ದು ಸೇದಿದಳು. ಬಸ್ಸು ಸಿಕ್ಕಿತು, ಆದರೆ ರೋಲರಿನ ಮುಂದೆ ಎರಡು ಸಲ ಚಾದರಿನ ಅಂಚು ಕೈಯಿಂದ ಜಾರಿತು. ಮೀನಾಕ್ಷಿ ದೂರದಿಂದ ನೋಡಿದಳು.

ಶನಿವಾರ ಹುಲಿಗೆಪ್ಪ ಬೇಗ ಬಂದು, ವಾಸ್ಕೊದಿಂದ ತಂದ ಹೊಸ ಸ್ಲೀವು ತೊಡಿಸಿದ. ದೋರಿಯನ್ನು ಉಂಗುರದಂತೆ ಕತ್ತರಿಸಿ, ಒಂದರ ಕೂಡುತುದಿ ಇನ್ನೊಂದರ ಮೇಲೆ ಬಾರದಂತೆ ಸುತ್ತು ತಪ್ಪಿಸಿ ಕೂರಿಸಿದ. ಟಾಕಿ ತುಂಬುವ ಸದ್ದಿನ ನಡುವೆ ಊಟಕ್ಕೆ ಬಂದು ಕೂತ. ಬಿಸಿ ರೊಟ್ಟಿ, ಪುಂಡಿಪಲ್ಯ, ಎಲ್ಲರಿಗೂ ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ.

ಅವನು ಮೊದಲ ತುತ್ತು ಮುರಿಯುತ್ತ ಹೇಳಿದ. "ನಾಳಿಂದ ನೀ ಕೆಲಸಕ್ಕ ಹೋಗಬ್ಯಾಡ. ಬಸ್ಸಿನ ಗಡಬಡಿಗೆ ಪಂಪ್ ಸುಟ್ಟಿದ್ದ ಸಾಕು. ಮಳಿ ಬಿದ್ದ ಮ್ಯಾಲ ನೋಡೂಣು."

ಜಯಶ್ರೀ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಪರಾತದಲ್ಲಿಟ್ಟಳು. ಅತ್ತೆಯನ್ನು ನೋಡಿದಳು. ಯಲ್ಲವ್ವ ಬಾಗಿ ಪಲ್ಯ ಬಡಿಸುತ್ತಿದ್ದಳು. ಪಲ್ಯ ಬಡಿಸಿದಳು, ಚಟ್ನಿ ಬಡಿಸಿದಳು, ಉಪ್ಪು ಬೇಕೇನೆಂದು ಮೊಮ್ಮಗಳನ್ನು ಕೇಳಿದಳು. ಜಯಶ್ರೀ ಕಾದಳು. ಹಂಚಿನ ಮೇಲೆ ರೊಟ್ಟಿ ಒಂದು ಕಡೆ ಕಪ್ಪಾಯಿತು.

"ಪಂಪ್ ಕೆಡಿಸಿದ್ದು ನಾ ಅಲ್ಲ," ಎಂದಳು ಕಡೆಗೆ. "ಅತ್ತಿ ದಿನಾ ನಟ್ ಬಿಗಿ ಮಾಡತಿದ್ರು. ನಾ ಕಣ್ಣಾರೆ ನೋಡೀನಿ."

"ಅವ್ವನ ಮ್ಯಾಲ ಹಾಕಬ್ಯಾಡ."

"ಅವರನ್ನ ಕೇಳ್ರಿ. ಇಲ್ಲೇ ಅದಾರ."

ಹುಲಿಗೆಪ್ಪ ತಾಟಿನಿಂದ ಕೈ ತೆಗೆದ. ಇವತ್ತು ಬಿಚ್ಚುವಾಗ ನಟ್ಟಿನ ಮೂಲೆಗಳು ಸವೆದು ಉರುಟಾಗಿದ್ದವು. ಸಡಿಲಾದ ಪಾನಾದಿಂದ ತಿರುವಿದರೆ ಮಾತ್ರ ಹಾಗಾಗುತ್ತದೆ. ಅದನ್ನು ನೋಡಿಯೂ ಅವನು ಸುಮ್ಮನೆ ಹೊಸ ನಟ್ಟು ಹಾಕಿ ಬಂದಿದ್ದ.

"ಖರೇ ಏನವ್ವಾ?"

"ಸೋರತಿತ್ತಪ್ಪಾ," ಎಂದಳು ಯಲ್ಲವ್ವ. "ಮಂದಿ ನಗತಿದ್ರು."

 ಅಶ್ವಿನಿ ಅಜ್ಜಿಯ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಹುಲಿಗೆಪ್ಪ ಲೋಟದ ನೀರು ಪೂರ್ತಿ ಕುಡಿದ. "ಆತು ಬಿಡು," ಎಂದ. "ಗೊತ್ತಿಲ್ಲದ ಮಾಡೀದಿ."

ಜಯಶ್ರೀಗೆ ಸೊಂಟದ ಮೇಲಿನ ಕೊಡ ಇಳಿಸಿದಂತಾಯಿತು. ಕಪ್ಪಾದ ರೊಟ್ಟಿ ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. ಆಗ ಅವನು ಮಾತು ಮುಂದುವರಿಸಿದ.

"ಈಗಂತೂ ಖರೇನ ನೀ ಮನ್ಯಾಗ ಇರಬೇಕು ನೋಡು. ಹೋದ ವರ್ಷ ಗ್ಯಾಸು, ಈ ವರ್ಷ ಪಂಪು. ಅವ್ವನ ಹಿಂದ ಮುಂದ ಯಾರರ ಒಬ್ರು ಬೇಕು."

"ಅಪ್ಪಾ," ಎಂದಳು ಅಶ್ವಿನಿ. "ಅವ್ವ ತಪ್ಪ ಮಾಡಿದ್ರೂ ಕೆಲಸಾ ಬಿಡಬೇಕು, ಮಾಡಿಲ್ಲಂದ್ರೂ ಬಿಡಬೇಕು. ಇದ್ಯಾವ ಲೆಕ್ಕಾ?"

"ನೀ ಸುಮ್ಮ ಉಣ್ಣು."

"ಉಣ್ಣಾಕತ್ತೀನಿ. ಬಾಯಿ ಖಾಲಿ ಐತಿ, ಅದಕ್ಕ ಕೇಳಿದ್ನಿ."

"ಅಶ್ವಿನಿ!"

"ನನ್ನ ಇಳಕಲ್ಲಿಗೆ ಕಳಸಪ್ಪಾ," ಎಂದಳು ಯಲ್ಲವ್ವ ಮೆಲ್ಲಗೆ. "ಆಕಿ ಕೆಲಸಾ ಉಳೀಲಿ."

ಎಲ್ಲರೂ ಜಯಶ್ರೀಯ ಕಡೆ ನೋಡಿದರು. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಅತ್ತೆ ಹೋಗಲಿ ಎಂದರೂ ಮುಗಿಯುತ್ತಿತ್ತು, ನಾನು ಬಿಡುತ್ತೇನೆ ಎಂದರೂ ಮುಗಿಯುತ್ತಿತ್ತು. ಅವಳು ಎದ್ದು, ಉಳಿದ ಹಿಟ್ಟಿಗೆ ಬಿಸಿನೀರು ಹಾಕಿ ನಾದತೊಡಗಿದಳು. "ಇನ್ನೂ ಎರಡ ರೊಟ್ಟಿ ಅಕ್ಕಾವ. ಯಾರಿಗೆ ಬೇಕು?" ಎಂದಳು.

*

ಭಾನುವಾರ ಹುಲಿಗೆಪ್ಪನಿಗೆ ರಜೆ, ಹೋಟೆಲಿಗೆ ಇಲ್ಲ. ಜಯಶ್ರೀ ಎಂದಿನಂತೆ ಎದ್ದು, ಪಲ್ಯ ಮಾಡಿ, ಅತ್ತೆಗೆ ಚಹಾ ಕೊಟ್ಟು, ಸೀರೆಯುಟ್ಟು, ನೀಲಿ ಅಂಗಿಯನ್ನು ಚೀಲಕ್ಕೆ ಹಾಕಿದಳು. ಹುಲಿಗೆಪ್ಪ ಹೊಸ್ತಿಲ ಮೇಲೆ ಕೂತು, ಎದುರಿನ ಚೌಕಟ್ಟಿಗೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ.

"ರಾತ್ರಿ ಹೇಳಿದ್ದು ಕೇಳಲಿಲ್ಲೇನ?"

"ಕೇಳಿತ್ರಿ."

"ಮತ್ತ?"

"ಸಂಜೀಗೆ ಬಂದ ಮಾತಾಡತೇನಿ. ಈಗ ಬಸ್ ಬರತೈತಿ."

ಅವನು ಕಾಲು ತೆಗೆಯಲಿಲ್ಲ. ಅವಳೂ ಹಿಂದೆ ಸರಿಯಲಿಲ್ಲ. ದಾಟಬಹುದಿತ್ತು. ಆದರೆ ಮದುವೆಯಾಗಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಗಂಡನ ಕಾಲು ದಾಟಿದವಳಲ್ಲ. ಇಬ್ಬರೂ ಹಾಗೆಯೇ ಇದ್ದರು. ಮಾಡಿನ ಕೆಳಗೆ ಒಂದು ಗುಬ್ಬಿ ಒಳಗೆ ಬಂದು ಹೊರಗೆ ಹೋಯಿತು.

"ಹುಲಿಗ್ಯಾ," ಒಳಗಿನಿಂದ ಯಲ್ಲವ್ವ ಕೂಗಿದಳು. "ಕಾಲ ಮಡಚು. ಆಕಿ ಹೋಗಬೇಕು."

"ಯವ್ವಾ, ನೀ ನಡುವ ಬರಬ್ಯಾಡ."

"ನಡುವ ಬಂದಾಕಿನ ನಾ. ಮಡಚು."

ಅವನು ಕಾಲು ಮಡಚಿದ. ಒಪ್ಪಿಯಲ್ಲ. ಅವ್ವ ಹೇಳಿದಳೆಂದು. ಚಹಾದ ಲೋಟವನ್ನು ಸದ್ದು ಮಾಡಿ ನೆಲಕ್ಕಿಟ್ಟ. ಜಯಶ್ರೀ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಒಳಗಿನ ಕತ್ತಲಲ್ಲಿ ಅತ್ತೆಯ ಮುಖ ಕಾಣಲಿಲ್ಲ.  "ಬರತೇನ್ರಿ ಅತ್ತಿ," ಎಂದು ಅಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಹಸೀನಾ ಜಾಗ ಹಿಡಿದಿದ್ದಳು. ಅವಳೂ ದಾಬೋಲಿಮ್‌ನ ಫ್ಲಾಟುಗಳಲ್ಲಿ ಪಾತ್ರೆ ತೊಳೆಯುವವಳು. ಜಯಶ್ರೀ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ತಿರುವಿನಲ್ಲಿ ವಾಲಿತು, ನೆಟ್ಟಗಾಯಿತು. ಹಸೀನಾ ಓರೆಗಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದಳು.

"ಜಯಕ್ಕಾ, ಬಾಯಾಗ ಏನ ಅನಕೊಳ್ಳಾಕತ್ತೀರಿ? ಯಾರಿಗೆ ಬೈಯಾಕತ್ತೀರಿ?"

"ಬೈಯಾಕತ್ತಿಲ್ಲ."

"ಮತ್ತ?"

"ಸಂಜೀಗೆ ಮನ್ಯಾಗ ಹೇಳೂದೈತಿ," ಎಂದಳು ಜಯಶ್ರೀ. "ಕೆಲಸಾನೂ ಬಿಡಂಗಿಲ್ಲ, ಅತ್ತೀನೂ ಕಳಸಂಗಿಲ್ಲ ಅಂತ. ಅಳದ ಹ್ಯಾಂಗ ಹೇಳೂದಂತ ಕಲಕೊಳ್ಳಾಕತ್ತೇನಿ."

ಹಸೀನಾ ತನ್ನ ಚೀಲವನ್ನು ಕಾಲ ಬಳಿ ಇಳಿಸಿ, ಅವಳ ಕಡೆ ಪೂರ್ತಿ ತಿರುಗಿ ಕೂತಳು.

"ನನ್ನ ಮುಂದ ಹೇಳ್ರಿ ನೋಡೂಣು. ನಾನ ನಿಮ್ಮ ಯಜಮಾನ್ರು ಅನ್ಕೋರಿ. ಮೊದಲಿಂದ."